ಚೆಟ್ರಿ ಆದ್ಮೇಲೆ ಯಾರು?

2025ರ ರಾಮನವಮಿಗೆ ಊರಿಗೆ ಹೋಗಿದ್ದೆ. ಹಗಲೆಲ್ಲಾ ಪಾನಕ, ಕೋಸಂಬರಿ, ನೆಂಟರು. ರಾತ್ರಿ ಏಳೂವರೆಗೆ ಟೀವಿ ರಿಮೋಟ್ ನನ್ನ ಕೈಗೆ ಬಂತು. ಗೋವಾದಲ್ಲಿ ಸೆಮಿಫೈನಲ್‌ನ ಎರಡನೇ ಲೆಗ್ ನಡೀತಿತ್ತು. ಬೆಂಗಳೂರಲ್ಲಿ 2-0 ಗೆದ್ದು ಹೋಗಿದ್ದ ನಮ್ಮ ಬೆಂಗಳೂರು ಎಫ್‌ಸಿ ಅಲ್ಲಿ ಎರಡು ಗೋಲು ಬಿಟ್ಟುಕೊಟ್ಟು, ಲೆಕ್ಕ ಸಮ ಮಾಡಿಕೊಂಡು ಕೂತಿತ್ತು. ಹೆಚ್ಚುವರಿ ನಿಮಿಷಗಳಲ್ಲಿ ಬಲಗಡೆಯಿಂದ ಒಂದು ಕ್ರಾಸ್ ಬಂತು. ಚೆಟ್ರಿ ಮುಂದಕ್ಕೆ ಹಾರಿ ತಲೆ ಕೊಟ್ಟ, ಗೋಲ್! ನಾನು ಕೂಗಿದ ರಭಸಕ್ಕೆ ಕೊಟ್ಟಿಗೆಯಲ್ಲಿದ್ದ ದನ ಎದ್ದು ನಿಂತಿತು.

ಅಪ್ಪನಿಗೆ ಫುಟ್‌ಬಾಲ್ ಅಷ್ಟಕ್ಕಷ್ಟೆ. ಆದ್ರೂ ರೀಪ್ಲೇ ಗಮನ ಕೊಟ್ಟು ನೋಡಿದ್ರು.

"ಎಷ್ಟು ವಯಸ್ಸೋ ಇವನಿಗೆ?"

"ನಲವತ್ತು."

"ಇವನು ಬಿಟ್ಮೇಲೆ ಯಾರು?"

ನನ್ನ ಬಾಯಲ್ಲಿ ಉತ್ತರ ಬರಲಿಲ್ಲ. ಗೆದ್ದ ಖುಷಿಯಲ್ಲಿ ಇದೆಂಥಾ ಅಪಶಕುನದ ಮಾತು ಅಂತ ಸ್ವಲ್ಪ ಸಿಟ್ಟೂ ಬಂತು. ಆರು ದಿನ ಬಿಟ್ಟು ಕೋಲ್ಕತ್ತಾದಲ್ಲಿ ಫೈನಲ್ ನಡೀತು. ಮುಂದಿದ್ದ ನಾವು ಹೆಚ್ಚುವರಿ ಸಮಯದಲ್ಲಿ ಮೋಹನ್ ಬಾಗನ್‌ಗೆ 2-1ರಿಂದ ಸೋತ್ವಿ. ಸೋತಿದ್ದಕ್ಕಿಂತ ಜಾಸ್ತಿ ನನ್ನನ್ನು ಕಾಡಿದ್ದು ಆ ಪ್ರಶ್ನೆ.

ಆ ಸೀಸನ್ ಮುಗಿದ ಮೇಲೆ ಎಲ್ಲರೂ ಹೇಳಿದ್ದು ಒಂದೇ ಮಾತು: "ತಂಡ ಕಟ್ಟೋದು ಅಂದ್ರೆ ಹೀಗೆ." ಹಾಗೆ ಅನ್ನೋಕೆ ಕಾರಣ ಇತ್ತು. ಅದರ ಹಿಂದಿನ ವರ್ಷ, ಅಂದ್ರೆ 2023-24ರಲ್ಲಿ, ಹನ್ನೆರಡು ತಂಡಗಳಲ್ಲಿ ನಮ್ಮದು ಹತ್ತನೇ ಸ್ಥಾನ. ಡಿಸೆಂಬರಿನಲ್ಲಿ ಕಂಠೀರವದಲ್ಲೇ ಮುಂಬೈ ಸಿಟಿ ನಮಗೆ 4-0 ಬಾರಿಸಿತು. ಅದರ ಬೆನ್ನಿಗೇ ಕೋಚ್ ಸೈಮನ್ ಗ್ರೇಸನ್ ಮನೆಗೆ ಹೋದ್ರು. ಏಪ್ರಿಲ್‌ನಲ್ಲಿ ಅದೇ ಮೈದಾನಕ್ಕೆ ಮೋಹನ್ ಬಾಗನ್ ಬಂದು ಮತ್ತೆ 4-0. ಆ ರಾತ್ರಿ ಕಬ್ಬನ್ ಪಾರ್ಕ್ ಮೆಟ್ರೋ ತನಕ ನಡೆದು ಬರುವಾಗ ಜೊತೆಗಿದ್ದ ಮೂರು ಜನರಲ್ಲಿ ಒಬ್ಬರೂ ಮಾತಾಡಲಿಲ್ಲ.

ಅಲ್ಲಿಂದ ಒಂದೇ ವರ್ಷದಲ್ಲಿ ಫೈನಲ್. ಹಿಂದೆ ಇಲ್ಲೇ ಕಾರ್ಲೆಸ್ ಕ್ವಾಡ್ರಾಟ್‌ಗೆ ಸಹಾಯಕರಾಗಿದ್ದ ಜೆರಾರ್ಡ್ ಜರಗೋಜಾ ಕೋಚ್ ಆಗಿ ಬಂದಿದ್ದರು. ಬೇಸಿಗೆಯಲ್ಲಿ ಅವರು ತಂಡವನ್ನೇ ಕಳಚಿ ಜೋಡಿಸಿದ್ರು. ನೊಗೇರಾ, ಪೆರೇರಾ ಡಿಯಾಜ್, ಎಡ್ಗರ್ ಮೆಂಡೆಜ್, ಪೆಡ್ರೊ ಕ್ಯಾಪೊ ಬಂದ್ರು. 2019ರ ಫೈನಲ್‌ನಲ್ಲಿ ಗೋವಾ ವಿರುದ್ಧ ತಲೆಯಲ್ಲಿ ಗೋಲು ಹೊಡೆದು ನಮಗೆ ಕಪ್ ತಂದಿದ್ದ ರಾಹುಲ್ ಭೆಕೆ ವಾಪಸ್ ಬಂದ. ಮೊದಲ ಐದು ಪಂದ್ಯಗಳಲ್ಲಿ ಒಂದು ಗೋಲೂ ಬಿಟ್ಟುಕೊಡಲಿಲ್ಲ. ನಮಗೆ 4-0 ಹೊಡೆದು ಹೋಗಿದ್ದ ಮೋಹನ್ ಬಾಗನ್‌ಗೆ ಆರು ತಿಂಗಳೊಳಗೆ ಅದೇ ಕಂಠೀರವದಲ್ಲಿ 3-0. ನಾಕೌಟ್‌ನಲ್ಲಿ ಮುಂಬೈಗೆ 5-0. ಬಡ್ಡಿ ಸಮೇತ ವಸೂಲಿ!

ನಾನೂ ಕುಣಿದವನೇ. ಈಗ ತಣ್ಣಗೆ ಕೂತು ನೋಡಿದ್ರೆ ಇದನ್ನು ಕಟ್ಟೋದು ಅಂತ ಕರೆಯೋಕೆ ಮನಸ್ಸು ಬರಲ್ಲ. ಇದು ಒಳ್ಳೇ ರಿಪೇರಿ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಇಂಥದ್ದನ್ನು ದಿನಾ ಮಾಡ್ತೀವಿ. ರಿಲೀಸ್ ಹತ್ತಿರ ಬಂದಿರುತ್ತೆ, ಸಿಸ್ಟಮ್ ಬಿದ್ದಿರುತ್ತೆ, ಅನುಭವಸ್ಥರನ್ನು ಆರು ತಿಂಗಳ ಕಾಂಟ್ರಾಕ್ಟ್ ಮೇಲೆ ತಂದು ಎದ್ದು ನಿಲ್ಲಿಸ್ತೀವಿ. ತಪ್ಪೇನಿಲ್ಲ. ಅವರು ಹೋದ ಮೇಲೆ ಆ ಕೋಡ್ ಯಾರಿಗೆ ಗೊತ್ತು ಅನ್ನೋದನ್ನು ಮಾತ್ರ ಯಾರೂ ಕೇಳಲ್ಲ.

ವಯಸ್ಸು ನೋಡಿ. ಆ ಸೀಸನ್ ಶುರುವಿಗೆ ಡಿಯಾಜ್, ಮೆಂಡೆಜ್ ಇಬ್ಬರಿಗೂ 34. ನೊಗೇರಾಗೆ 35 ತುಂಬೋ ತಿಂಗಳು. ಕ್ಯಾಪೊ, ಭೆಕೆ ಕೂಡ ಮೂವತ್ತು ದಾಟಿದವರೇ. ಮಂಡಿ ನೋವಿಗೆ ನಾನು ವಾರಾಂತ್ಯದ ಟರ್ಫ್ ಆಟ ಬಿಟ್ಟಿದ್ದೀನಿ, ಇವರೆಲ್ಲಾ ಹೆಚ್ಚುಕಮ್ಮಿ ನನ್ನ ಓರಗೆಯವರು. ಇಷ್ಟೆಲ್ಲಾ ಖರೀದಿ ಆದ ಮೇಲೂ ತಂಡದಲ್ಲಿ ಅತಿ ಹೆಚ್ಚು ಗೋಲು ಹೊಡೆದವರು ಯಾರು? ನಲವತ್ತರ ಸುನಿಲ್ ಚೆಟ್ರಿ, 14 ಗೋಲು. ಇಡೀ ಲೀಗಿನ ಭಾರತೀಯರಲ್ಲೇ ಅದು ಹೆಚ್ಚು. ಡಿಸೆಂಬರಿನಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಹ್ಯಾಟ್ರಿಕ್ ಹೊಡೆದಾಗ ನಮ್ಮ ಆಫೀಸಿನ ಬ್ಲಾಸ್ಟರ್ಸ್ ಅಭಿಮಾನಿ ಎರಡು ದಿನ ಕಾಫಿಗೂ ಬರಲಿಲ್ಲ. ಅದು ಸಂಭ್ರಮ ಪಡೋ ವಿಷಯ, ಪಟ್ಟಿದ್ದೀನಿ. ಆದ್ರೆ ಅದೇ ಅಂಕಿ ನಮ್ಮ ತಂಡದ ದೊಡ್ಡ ದೂರೂ ಹೌದು. ಅಂಕಪಟ್ಟಿ ಕೂಡ ಅದನ್ನೇ ಹೇಳುತ್ತೆ. ಮೂರನೇ ಸ್ಥಾನ ಅಂತ ನಾವು ಬೀಗಿದ್ವಿ, ನಮ್ಮದು 38 ಅಂಕ, ಮೊದಲ ಸ್ಥಾನದ ಮೋಹನ್ ಬಾಗನ್‌ದು 56.

ಹಾಗಂತ ಹುಡುಗರೇ ಇರಲಿಲ್ಲವಾ? ಇದ್ರು. 2021-22ರಲ್ಲಿ ಐಎಸ್‌ಎಲ್‌ನ ಉದಯೋನ್ಮುಖ ಆಟಗಾರ ಪ್ರಶಸ್ತಿ ಬಂದಿದ್ದು ನಮ್ಮ ರೋಶನ್ ಸಿಂಗ್‌ಗೆ. ಮರುವರ್ಷ ನಮ್ಮ ಶಿವಶಕ್ತಿ ನಾರಾಯಣನ್‌ಗೆ. ಸತತ ಎರಡು ವರ್ಷ ಒಂದೇ ಕ್ಲಬ್ಬಿಗೆ! 2022ರಲ್ಲಿ ಯುವ ತಂಡಗಳ ಡೆವಲಪ್‌ಮೆಂಟ್ ಲೀಗ್ ಗೆದ್ದು ಇಂಗ್ಲೆಂಡಿಗೆ ಆಡೋಕೆ ಹೋಗಿದ್ದೂ ನಮ್ಮ ಹುಡುಗರೇ. ಶಿವಶಕ್ತಿ ಸ್ಟ್ರೈಕರ್. ಅಪ್ಪನ ಪ್ರಶ್ನೆಗೆ 2023ರಲ್ಲಾಗಿದ್ರೆ ನಾನು ಥಟ್ಟನೆ ಅವನ ಹೆಸರು ಹೇಳ್ತಿದ್ದೆ. ಎರಡು ವರ್ಷ ಕಳೆದ ಮೇಲೂ ಆ ಜಾಗದಲ್ಲಿ ಚೆಟ್ರಿನೇ ಇದ್ರು. 2024-25ರ ಸೀಸನ್ನಿನ ಮೊದಲ ಪಂದ್ಯದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಗೆಲುವಿನ ಗೋಲು ಹೊಡೆದ ವಿನೀತ್ ವೆಂಕಟೇಶ್‌ಗೆ ಆಗ ಹತ್ತೊಂಬತ್ತು, ಕ್ಲಬ್ಬಿನ ಅಕಾಡೆಮಿಯಲ್ಲಿ ಬೆಳೆದವನು. ಮುಂದಿನ ಪ್ರಶ್ನೆ ಅವನದ್ದೇ.

ಇಲ್ಲಿ ನಮ್ಮ ತೋಟದ ಮಾತು ಸ್ವಲ್ಪ ಹೇಳ್ಬೇಕು. ಅಡಿಕೆ ಮರಕ್ಕೆ ವಯಸ್ಸಾಯ್ತು ಅಂತ ಇಡೀ ತೋಟ ಕಡಿದು ಹೊಸದು ಹಾಕೋರು ಕಮ್ಮಿ. ಸಸಿ ಫಲಕ್ಕೆ ಬರೋಕೆ ಐದಾರು ವರ್ಷ ಬೇಕು, ಅಲ್ಲೀವರೆಗೆ ಮನೆ ನಡೀಬೇಕಲ್ಲ. ಅದಕ್ಕೆ ಹಳೇ ಮರಗಳ ನಡುವೆ ಸಸಿ ನೆಡ್ತಾರೆ. ಹಳೇ ಮರ ಇನ್ನೂ ಗೊನೆ ಬಿಡ್ತಾ ಇರುವಾಗಲೇ ನೆಡ್ಬೇಕು. ಇಷ್ಟನ್ನು ಬಿಎಫ್‌ಸಿ ಮಾಡಿದೆ. ಆದ್ರೆ ಕೆಲಸದ ಇನ್ನರ್ಧ ಇನ್ನೂ ಕಷ್ಟ. ಸಸಿ ಆಳೆತ್ತರ ಆದಾಗ ಪಕ್ಕದ ಹಳೇ ಮರ ತೆಗೀಬೇಕು, ಇಲ್ಲಾಂದ್ರೆ ನೆರಳಿಗೆ ಸಸಿ ಬೆಳಕು ಹುಡುಕ್ತಾ ಸಣಕಲಾಗಿ ಮೇಲೆ ಹೋಗುತ್ತೆ. ಗೊನೆ ಬಿಡ್ತಾ ಇರೋ ಮರಕ್ಕೆ ಕತ್ತಿ ಹಾಕೋಕೆ ಅಪ್ಪನಿಗೇ ಕೈ ನಡುಗಿದ್ದು ನೋಡಿದ್ದೀನಿ.

ಕ್ಲಬ್ಬಿನವರ ಕೈ ನಡುಗಿದ್ದಕ್ಕೆ ನಾವು ಅಭಿಮಾನಿಗಳೂ ಕಾರಣ. ಎರಡು ಪಂದ್ಯ ಸೋತ್ರೆ ವೆಸ್ಟ್ ಬ್ಲಾಕ್‌ನಲ್ಲಿ ಗೊಣಗೋಕೆ ಶುರು. ಅರವತ್ತನೇ ನಿಮಿಷಕ್ಕೆ ಚೆಟ್ರಿನ ಹೊರಗೆ ಕರೆದು ಹುಡುಗನನ್ನು ಕಳಿಸಿದ್ರೆ ಮೊದಲು ಬೈಯೋನೇ ನಾನು. ನಮಗೆ ಬೇಜಾನ್ ಕೆಟ್ಟ ಅಭ್ಯಾಸ ಆಗಿಬಿಟ್ಟಿದೆ. 2013ರಲ್ಲಿ ಹುಟ್ಟಿದ ಕ್ಲಬ್ಬು ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದಿತ್ತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿತ್ತು. ಕಾಯೋದು ನಮಗೆ ಯಾರೂ ಕಲಿಸಲೇ ಇಲ್ಲ. ಭಾರತ ತಂಡದ ಕತೆ ಇನ್ನೇನು? ಜೂನ್ 2024ರಲ್ಲಿ ಅತ್ತು ಕಳಿಸಿಕೊಟ್ಟ ಮನುಷ್ಯನನ್ನೇ ಮಾರ್ಚ್ 2025ರಲ್ಲಿ ವಾಪಸ್ ಕರೆದ್ರು. ಬಂದ ಮೊದಲ ಪಂದ್ಯದಲ್ಲೇ ಮಾಲ್ಡೀವ್ಸ್ ವಿರುದ್ಧ ಗೋಲು ಹೊಡೆದ್ರು. ಪಾಪ, ಅವರಾದ್ರೂ ಏನು ಮಾಡ್ತಾರೆ.

ಇನ್ನೊಂದು ವಿಷಯ ಹೇಳದೆ ಇರೋಕಾಗಲ್ಲ. 2023ರ ಮಾರ್ಚ್ 3ರ ರಾತ್ರಿ ನೆನಪಿದೆಯಲ್ಲ? ಚೆಟ್ರಿ ಚಕ್ಕಂತ ಫ್ರೀಕಿಕ್ ಹೊಡೆದಿದ್ದು, ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೋಗಿದ್ದು. ವಾರಗಟ್ಟಲೆ ಅದೇ ಜಗಳ. ಮಾರನೇ ದಿನ, ಮಾರ್ಚ್ 4ಕ್ಕೆ, ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ಅನ್ನೋ ಹೆಸರಲ್ಲಿ 1968-69ರಲ್ಲಿ ಗೆದ್ದ ಮೇಲೆ ಅದೇ ಮೊದಲು, 54 ವರ್ಷ! ನಮ್ಮ ಫ್ರೀಕಿಕ್ ಗಲಾಟೆಯಲ್ಲಿ ಅದು ಯಾರಿಗೂ ಕೇಳಿಸಲೇ ಇಲ್ಲ. ಆ ತಂಡದ ಮೂರು ಹುಡುಗರ ಹೆಸರು ಹೇಳಿ ನೋಡೋಣ. ನನಗೂ ಆಗ ಆಗಲಿಲ್ಲ. ಬೆಂಗಳೂರಿನ ಹೆಸರಿಟ್ಟುಕೊಂಡ ಕ್ಲಬ್ಬಿಗೆ ಆಟಗಾರರನ್ನು ಹುಡುಕೋ ಮೊದಲ ಜಾಗ ಸ್ಪೇನ್ ಆಗಿರಬೇಕಿಲ್ಲ.

2025ರ ಆಗಸ್ಟ್. ಲೀಗ್ ನಡೆಸೋ ಕಂಪನಿ ಮತ್ತು ಫೆಡರೇಶನ್ ನಡುವಿನ ಹದಿನೈದು ವರ್ಷದ ಒಪ್ಪಂದ ಡಿಸೆಂಬರಿಗೆ ಮುಗಿಯೋದಿತ್ತು, ಹೊಸದು ಆಗಿರಲಿಲ್ಲ, ಸೀಸನ್ನಿಗೆ ದಿನಾಂಕವೇ ಇರಲಿಲ್ಲ. ಬಿಎಫ್‌ಸಿ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸಿರೋದಾಗಿ ಹೇಳಿಕೆ ಕೊಟ್ಟಿತ್ತು. ಓದಿ ಹೊಟ್ಟೆ ಕಲಸಿತು. ಲೇಆಫ್ ಮೇಲ್ ಬರೋ ಬೆಳಗ್ಗೆ ಹೇಗಿರುತ್ತೆ ಅಂತ ನಮ್ಮ ಪೈಕಿಯವರಿಗೆ ಬಿಡಿಸಿ ಹೇಳ್ಬೇಕಿಲ್ಲ. ಅದೇ ಹೇಳಿಕೆಯ ಕೆಳಗಿನ ಸಾಲನ್ನು ಬಹಳ ಜನ ಬಿಟ್ಟು ಓದಿದ್ರು: ಹುಡುಗ-ಹುಡುಗಿಯರ ಯುವ ತಂಡಗಳು ಮತ್ತು ಸಾಕರ್ ಶಾಲೆಗಳಿಗೆ ಏನೂ ತೊಂದರೆ ಇಲ್ಲ, ಅವು ನಡೀತವೆ.

ದೊಡ್ಡ ಸಂಬಳದ ವಿದೇಶಿಗಳನ್ನು ಮತ್ತೆ ಅದೇ ಥರ ತರೋಕೆ ದುಡ್ಡು ಎಲ್ಲಿಂದ ಬರುತ್ತೆ? ಹಾಗಾಗಿ ನಾನು ಕೇಳೋದು ಕಪ್ ಅಲ್ಲ. ವಿನೀತ್‌ಗೂ ಅವನ ಜೊತೆ ಬೆಳೆದವರಿಗೂ ಮೈದಾನದಲ್ಲಿ ನಿಮಿಷಗಳು ಬೇಕು. ಕೊನೇ ಐದು ನಿಮಿಷದ ಭಿಕ್ಷೆ ಸಾಲದು, ಪಂದ್ಯ ಶುರುವಾದಾಗಲೇ ಅವರು ಹನ್ನೊಂದರಲ್ಲಿರಬೇಕು. ತಪ್ಪು ಮಾಡಿದ್ರೆ ಮುಂದಿನ ವಾರವೂ ಆಡಿಸ್ಬೇಕು. ಚೆಟ್ರಿ ಬೆಂಚಿನಲ್ಲಿ ಕೂತು ಎಪ್ಪತ್ತನೇ ನಿಮಿಷಕ್ಕೆ ಬರಲಿ, ಆಗ ಕಂಠೀರವ ಇನ್ನೂ ಜೋರಾಗಿ ಕೂಗುತ್ತೆ. ಇದರಿಂದ ಎಂಟನೇ ಸ್ಥಾನ ಬಂದ್ರೆ ಬರಲಿ. ಬ್ಲಾಸ್ಟರ್ಸ್ ಗೆಳೆಯ ಒಂದು ವರ್ಷ ಪೂರ್ತಿ ಆಡಿಕೊಳ್ತಾನೆ, ಅದೂ ಗೊತ್ತು. ಆ ವರ್ಷದ ಕಾಫಿ ಬಿಲ್ಲು ನನ್ನದೇ ಅಂತ ಅವನಿಗೆ ಈಗಲೇ ಹೇಳಿಟ್ಟಿದ್ದೀನಿ.