ಎರಡನೆಯ ಹೆಂಡತಿಯ ಪಿಂಚಣಿ: ಅರ್ಧ ದಾರಿಗೆ ನಿಂತ ನ್ಯಾಯ

ಮೊದಲ ಹೆಂಡತಿ ಬದುಕಿರುವಾಗಲೇ ಮದುವೆಯಾಗಿ ಬಂದವಳಿಗೆ ಕುಟುಂಬ ಪಿಂಚಣಿ ಇಲ್ಲ ಎಂದು ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠ 2023ರಲ್ಲಿ ಹೇಳಿತು. ಆಗಿನ ಮುಖ್ಯ ನ್ಯಾಯಮೂರ್ತಿ ಪ್ರಸನ್ನ ಬಿ. ವರಾಳೆ ಅವರಿದ್ದ ಪೀಠ ಅದು. ಹಿಂದೂಗಳಿಗೆ ಏಕಪತ್ನಿತ್ವವೇ ಕಾನೂನು, ಅದನ್ನು ಮೀರಿ ಕಟ್ಟಿಕೊಂಡ ಸಂಬಂಧಕ್ಕೆ ಮಾನ್ಯತೆ ಕೊಡುವುದು ಸಾರ್ವಜನಿಕ ಹಿತಕ್ಕೆ ಒಳ್ಳೆಯದಲ್ಲ ಎಂಬುದು ತೀರ್ಪಿನ ತಿರುಳು.

ಕಾನೂನಿನ ಲೆಕ್ಕದಲ್ಲಿ ತೀರ್ಪು ಸರಿ. 1955ರ ಹಿಂದೂ ವಿವಾಹ ಕಾಯ್ದೆಯ 5 ಮತ್ತು 11ನೇ ಸೆಕ್ಷನ್‌ಗಳನ್ನು ಓದಿದರೆ ಎರಡನೆಯ ಮದುವೆ ತಾಳಿ ಕಟ್ಟಿದ ಗಳಿಗೆಯಿಂದಲೇ ಅಸಿಂಧು. ಕೇಂದ್ರ ಸರ್ಕಾರದ 1972ರ ಪಿಂಚಣಿ ನಿಯಮಗಳಲ್ಲಿ ವಿಧವೆಯರು ಒಬ್ಬರಿಗಿಂತ ಹೆಚ್ಚಿದ್ದರೆ ಸಮಪಾಲು ಎಂಬ ಮಾತಿತ್ತು. ಆದರೆ ಮುಸ್ಲಿಮರಂತೆ ವೈಯಕ್ತಿಕ ಕಾನೂನೇ ಒಪ್ಪಿದ ಕಡೆ ಮಾತ್ರ ಅದು ಕೆಲಸಕ್ಕೆ ಬರುತ್ತಿತ್ತು. ಇನ್ನು ಹಿರಿಯ ಹೆಂಡತಿ. ಗಂಡ ಪಟ್ಟಣದಲ್ಲಿ ಬೇರೆ ಸಂಸಾರ ಹೂಡಿದ ಮೇಲೂ ಊರಲ್ಲಿ ಅತ್ತೆ-ಮಾವನ ಚಾಕರಿ ಮಾಡಿಕೊಂಡು ಉಳಿದವಳು ಎಷ್ಟೋ ಸಲ ಅವಳೇ. ಅವಳ ತುತ್ತನ್ನು ಇಂಥ ತೀರ್ಪುಗಳು ಕಾಯುತ್ತವೆ. ಅದರಲ್ಲಿ ಒಂದು ಕಾಸೂ ಕಡಿಮೆಯಾಗಬಾರದು.

ನನ್ನ ತಕರಾರಿರುವುದು ದಂಡ ಬೀಳುವ ಜಾಗದ ಬಗ್ಗೆ. ದ್ವಿಪತ್ನಿತ್ವಕ್ಕೆ ಏಳು ವರ್ಷದವರೆಗೆ ಜೈಲುಂಟು. ನೌಕರರ ನಡತೆ ನಿಯಮವೂ ಅದನ್ನು ನಿಷೇಧಿಸುತ್ತದೆ. ಆದರೂ ‘ಸಾಹೇಬ್ರಿಗೆ ಎರಡು ಮನೆ’ ಎಂದು ಕಚೇರಿಗೆಲ್ಲ ಗೊತ್ತಿದ್ದೇ ಅವನು ಸಂಬಳ, ಬಡ್ತಿ, ನಿವೃತ್ತಿಯ ಹಾರ ಎಲ್ಲವನ್ನೂ ಪಡೆದು ಹೋಗಬಹುದು. ನಿಯಮ ಕಣ್ಣು ತೆರೆಯುವುದು ಅವನ ತಿಥಿ ಮುಗಿದ ಮೇಲೆ, ಕಿರಿಯವಳು ಮರಣ ಪ್ರಮಾಣಪತ್ರ ಹಿಡಿದು ಗುಮಾಸ್ತರ ಮೇಜಿನ ಮುಂದೆ ನಿಂತಾಗ. ತಪ್ಪು ಮಾಡಿದವನು ಯಾವ ಶಿಕ್ಷೆಗೂ ಸಿಗದೆ ಹೋಗಿರುತ್ತಾನೆ. ಮೊದಲ ಮದುವೆಯ ಸುದ್ದಿಯನ್ನೇ ಅರಿಯದೆ ಕೊರಳು ಕೊಟ್ಟವಳೂ ಎಲ್ಲ ತಿಳಿದು ಬಂದವಳೂ ಆ ಮೇಜಿನ ಮುಂದೆ ಒಂದೇ ಆಗುತ್ತಾರೆ. ಇದು ನನಗೆ ಸಹಿಸಲಾಗದ ಸಂಗತಿ.

ಕಾನೂನಿಗೆ ಈ ಭೇದ ತಿಳಿಯದೆಂದೇನಿಲ್ಲ. ಮಹಾರಾಷ್ಟ್ರದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ, ಮೊದಲ ಮದುವೆ ಮುಚ್ಚಿಟ್ಟು ಇನ್ನೊಬ್ಬಳನ್ನು ವರಿಸಿದವನು ತನ್ನ ಮೋಸದಿಂದಲೇ ಲಾಭ ಪಡೆಯುವಂತಿಲ್ಲ, ಜೀವನಾಂಶದ ಮಟ್ಟಿಗೆ ಆಕೆ ಹೆಂಡತಿಯೇ ಎಂದಿತು. ಅಂದರೆ ಅವನು ಬದುಕಿರುವ ತನಕ ಆಕೆಗೆ ಅನ್ನದ ಹಕ್ಕುಂಟು, ಅವನು ಸತ್ತ ದಿನ ಇಲ್ಲ! ಮಕ್ಕಳ ವಿಷಯದಲ್ಲಿ ಸಂಸತ್ತು ಮೊದಲೇ ದೊಡ್ಡ ಮನಸ್ಸು ಮಾಡಿತ್ತು: ಅಸಿಂಧು ಮದುವೆಯ ಮಕ್ಕಳೂ ಹಿಂದೂ ವಿವಾಹ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಔರಸರೇ. 2000ದಲ್ಲಿ ಬಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಎರಡನೆಯ ಹೆಂಡತಿಗೆ ಪಿಂಚಣಿ ನಿರಾಕರಿಸಿಯೂ ಅವಳ ಮಕ್ಕಳಿಗೆ ಪ್ರಾಪ್ತ ವಯಸ್ಸಿನವರೆಗೆ ಪಾಲು ಕೊಟ್ಟಿತು. ಮಕ್ಕಳು ದೊಡ್ಡವರಾದ ಮೇಲೆ ತಾಯಿ ಏನು ಉಣ್ಣಬೇಕು?

2023ರಲ್ಲೇ ಸುಪ್ರೀಂ ಕೋರ್ಟಿನಿಂದ ಒಂದು ಹದವಾದ ತೀರ್ಪು ಬಂತು. ಅದೂ ಕರ್ನಾಟಕದ ಪ್ರಕರಣವೇ. ಸೈನಿಕನೊಬ್ಬನ ಮೊದಲ ಮದುವೆಗೆ 1990ರಲ್ಲಿ ವಿಚ್ಛೇದನವಾಗಿತ್ತು. ಆಮೇಲೂ 2001ರಲ್ಲಿ ಸಾಯುವವರೆಗೆ ಅವನು ಎರಡನೆಯವಳ ಜೊತೆಗೇ ಬಾಳಿದ್ದ. ಅಷ್ಟು ವರ್ಷದ ಸಹಬಾಳ್ವೆಯನ್ನು ಮದುವೆಯೆಂದೇ ಊಹಿಸಿ ಕೋರ್ಟ್ ಆಕೆಗೆ ಪಿಂಚಣಿ ಕೊಡಿಸಿತು. ಆದರೆ ಈ ಬಾಗಿಲು ತೆರೆಯುವುದು ಹಿರಿಯಳ ವಿಚ್ಛೇದನ ಆಗಿದ್ದರೆ ಮಾತ್ರ.

ಹಾಗಾಗಿ ನಿಯಮವೇ ಬದಲಾಗಬೇಕು. ಮೊದಲ ಮದುವೆ ಮುಚ್ಚಿಟ್ಟದ್ದು ರುಜುವಾತಾದರೆ, ಹಿರಿಯಳ ಪಿಂಚಣಿಯನ್ನು ಮುಟ್ಟದೆ, ಮೋಸಹೋದವಳಿಗೆ ಬೇರೆಯಾಗಿ ಜೀವನಾಂಶ ಸಿಗಲಿ. ಎರಡು ಮನೆಯ ನೌಕರನನ್ನು ಕಂಡೂ ಕಾಣದಂತಿದ್ದ ಇಲಾಖೆಯೇ ಅದರ ಹೊರೆ ಹೊರಲಿ. ನ್ಯಾಯಮೂರ್ತಿಗಳು ಇದ್ದ ನಿಯಮವನ್ನು ಓದಿದ್ದಾರೆ. ಇಲ್ಲದ ನಿಯಮವನ್ನು ಬರೆಯಬೇಕಾದವರು ವಿಧಾನಸೌಧದಲ್ಲಿ ಕೂತಿದ್ದಾರೆ. ಅವರು ಬರೆಯಲಿ.