ಕಾಕಾ ಬ್ಯಾಪ್ಟಿಸ್ಟಾ: ಐರ್ಲೆಂಡಿನ ಶಬ್ದ, ಬೆಳಗಾವಿಯ ಸಂಘ

ಆಂಟಾಪ್ ಹಿಲ್‌ನ ನಮ್ಮ ವಸತಿಯಿಂದ ವಡಾಳಾ ನಿಲ್ದಾಣದವರೆಗೆ ನಡೆದು ಹಾರ್ಬರ್ ಮಾರ್ಗದ ಲೋಕಲ್ ಹಿಡಿದರೆ, ಶಿವಡಿ, ಕಾಟನ್ ಗ್ರೀನ್, ರೇ ರೋಡ್ ದಾಟಿದ ಮೇಲೆ ಬರುವ ನಾಲ್ಕನೆಯ ನಿಲ್ದಾಣವೇ ಡಾಕ್‌ಯಾರ್ಡ್ ರೋಡ್. ಅಲ್ಲಿಳಿದು ಮಝಗಾಂವದ ಭಂಡಾರವಾಡಾ ಗುಡ್ಡವನ್ನೇರಿದರೆ, ನಗರಕ್ಕೆ ನೀರುಣಿಸುವ ಜಲಾಶಯದ ಮೇಲೆ ಹರಡಿಕೊಂಡಿರುವ ಉದ್ಯಾನವೊಂದು ಎದುರಾಗುತ್ತದೆ. ಸಾಯಂಕಾಲ ಅದರ ಅಂಚಿನಲ್ಲಿ ನಿಂತರೆ ಕೆಳಗೆ ರೈಲು ಹಳಿಗಳು, ಹಡಗುಕಟ್ಟೆಯ ಕ್ರೇನುಗಳು, ಅವುಗಳಾಚೆ ಮಸುಕಾದ ಕಡಲು ಕಾಣುವುವು. ಆ ಉದ್ಯಾನಕ್ಕೆ ಜೋಸೆಫ್ ಬ್ಯಾಪ್ಟಿಸ್ಟಾ ಅವರ ಹೆಸರಿದೆ. ಹೆಸರು ಉಳಿದಿದೆ, ಆ ಹೆಸರಿನವರು ಕನ್ನಡನಾಡಿನ ರಾಜಕೀಯ ಜೀವನದ ಒಂದು ಮಹತ್ತ್ವದ ಮುಹೂರ್ತದಲ್ಲಿ ಅಧ್ಯಕ್ಷಪೀಠದಲ್ಲಿದ್ದರೆಂಬ ಸ್ಮರಣೆ ಮಾತ್ರ ನಮ್ಮವರಲ್ಲಿ ಬಹುಮಟ್ಟಿಗೆ ಅಳಿದುಹೋಗಿದೆ.

1916ರ ಏಪ್ರಿಲ್ ತಿಂಗಳ ಕೊನೆಯ ವಾರವನ್ನು ಕುರಿತು ನಾನು ಅನೇಕ ಸಲ ಯೋಚಿಸಿದ್ದೇನೆ. 24ನೆಯ ತಾರೀಖು ಸೋಮವಾರ ಡಬ್ಲಿನ್ ನಗರದಲ್ಲಿ ಐರಿಷ್ ಬಂಡಾಯಗಾರರು ಅಂಚೆ ಕಚೇರಿಯನ್ನು ವಶಪಡಿಸಿಕೊಂಡು ಗಣರಾಜ್ಯವನ್ನು ಘೋಷಿಸಿದರು. ಶನಿವಾರದ ಹೊತ್ತಿಗೆ ಆ ದಂಗೆ ಅಡಗಿಹೋಯಿತು. ಅದೇ ವಾರ ಬೆಳಗಾವಿಯಲ್ಲಿ, ಮುಂಬಯಿ ಪ್ರಾಂತಿಕ ಪರಿಷತ್ತಿನ ಸಂದರ್ಭದಲ್ಲಿ, ಲೋಕಮಾನ್ಯ ತಿಲಕರ ಹೋಂ ರೂಲ್ ಲೀಗು ಜನ್ಮತಾಳಿತು. ತಿಲಕರು ತಾವಾಗಿ ಯಾವ ಪದವಿಯನ್ನೂ ಸ್ವೀಕರಿಸದೆ, ಬ್ಯಾಪ್ಟಿಸ್ಟಾರನ್ನು ಅಧ್ಯಕ್ಷರನ್ನಾಗಿಯೂ ನ. ಚಿಂ. ಕೇಳಕರರನ್ನು ಕಾರ್ಯದರ್ಶಿಯನ್ನಾಗಿಯೂ ಮಾಡಿದರು. ‘ಹೋಂ ರೂಲ್’ ಎಂಬ ಯಾವ ಶಬ್ದ ತನ್ನ ತವರಾದ ಐರ್ಲೆಂಡಿನಲ್ಲಿ ಆ ದಿನಗಳಲ್ಲಿಯೇ ಗುಂಡಿನೇಟಿಗೆ ಸಿಕ್ಕು ನೆಲಕ್ಕುರುಳುತ್ತಿತ್ತೋ, ಅದೇ ಶಬ್ದ ಇಲ್ಲಿ ಬೆಳಗಾವಿಯ ಚಪ್ಪರದ ಕೆಳಗೆ ಹೊಸದಾಗಿ ಉಸಿರಾಡತೊಡಗಿತು.

ಆ ಕಾಲದಲ್ಲಿ ಈ ಶಬ್ದದ ಹಿಂದಿದ್ದ ಮುಖ್ಯಪುರುಷರು ಜಾನ್ ರೆಡ್ಮಂಡ್. 1900ರಿಂದ ಐರಿಷ್ ಪಾರ್ಲಿಮೆಂಟರಿ ಪಕ್ಷವನ್ನು ನಡೆಸಿದ ಈ ಸಂಯಮಿಯಾದ ನಾಯಕರು, 1914ರ ಸೆಪ್ಟೆಂಬರಿನಲ್ಲಿ ಹೋಂ ರೂಲ್ ಮಸೂದೆ ಶಾಸನವಾಗುವುದನ್ನು ಕಣ್ಣಾರೆ ಕಂಡರು. ಆದರೆ ಮಹಾಯುದ್ಧದ ನೆಪದಿಂದ ಅದು ಆ ಕ್ಷಣವೇ ಅಮಾನತಿನಲ್ಲಿಡಲ್ಪಟ್ಟಿತು. ಯುದ್ಧ ಮುಗಿದ ಮೇಲೆ ಕೊಟ್ಟ ಮಾತು ನಡೆಯುವುದೆಂದು ನಂಬಿದ ರೆಡ್ಮಂಡರು ತಮ್ಮ ಜನ ಬ್ರಿಟಿಷ್ ಸೈನ್ಯ ಸೇರಬೇಕೆಂದು ಕರೆಯಿತ್ತರು. ಅವರ ಸ್ವಂತ ತಮ್ಮನೇ 1917ರಲ್ಲಿ ಯುದ್ಧರಂಗದಲ್ಲಿ ಮಡಿದರು. 1918ರ ಮಾರ್ಚಿನಲ್ಲಿ ರೆಡ್ಮಂಡರೂ ಗತಿಸಿದರು. ಅದೇ ವರ್ಷದ ಡಿಸೆಂಬರಿನ ಚುನಾವಣೆಯಲ್ಲಿ ಸಿನ್ ಫೇನ್ ಪಕ್ಷ 73 ಸ್ಥಾನಗಳನ್ನು ಗೆದ್ದು, ರೆಡ್ಮಂಡರ ಪಕ್ಷ ಹೇಳಹೆಸರಿಲ್ಲದಂತಾಯಿತು. ಅವರ ಪ್ರಾಮಾಣಿಕತೆಯಲ್ಲಿ ನನಗೆ ಲೇಶವೂ ಸಂಶಯವಿಲ್ಲ. ಅವರ ದೋಷವೆಂದರೆ, ಕೇಳಬೇಕಾದ ಕಾಲದಲ್ಲಿ ಕೇಳುವುದನ್ನು ನಿಲ್ಲಿಸಿದುದು.

ಬೆಳಗಾವಿಯ ಸಂಘ ಈ ದೋಷಕ್ಕೆ ಒಳಗಾಗಲಿಲ್ಲ. ಯುದ್ಧ ನಡೆಯುತ್ತಿರುವಾಗಲೇ ಸ್ವರಾಜ್ಯ ಬೇಕೆಂದು ಅದು ಊರೂರಿನಲ್ಲಿ ಸಾರಿತು. 1916ರ ಮೇ 1ರಂದು ಬೆಳಗಾವಿಯಲ್ಲಿಯೂ ಆ ತಿಂಗಳ ಕೊನೆಯಲ್ಲಿ ಅಹಮದನಗರದಲ್ಲಿಯೂ ತಿಲಕರು ಮಾಡಿದ ಭಾಷಣಗಳಿಗಾಗಿ ಸರ್ಕಾರವು ಅವರಿಂದ 20,000 ರೂಪಾಯಿಗಳ ಮುಚ್ಚಳಿಕೆ ಕೇಳಿತು. ನವೆಂಬರಿನಲ್ಲಿ ಮುಂಬಯಿ ಹೈಕೋರ್ಟು ಆ ಆಜ್ಞೆಯನ್ನು ತಳ್ಳಿಹಾಕಿತು. 1917ರ ಏಪ್ರಿಲ್ ಹೊತ್ತಿಗೆ ಸಂಘಕ್ಕೆ 14,000 ಸದಸ್ಯರಾದರು. ಕನ್ನಡಿಗನಾದ ನನ್ನ ದೃಷ್ಟಿಗೆ ಇವೆಲ್ಲಕ್ಕಿಂತ ಹಿರಿದಾಗಿ ಕಾಣುವುದು ಮತ್ತೊಂದು ಸಂಗತಿ. ಸಂಘದ ಕಾರ್ಯಕ್ಷೇತ್ರಗಳನ್ನು ಹೆಸರಿಸುವಾಗ ಮಹಾರಾಷ್ಟ್ರ, ಮಧ್ಯಪ್ರಾಂತ, ವಿದರ್ಭಗಳ ಜೊತೆಗೆ ಕರ್ನಾಟಕವೆಂಬ ಹೆಸರೂ ಬಂದಿತು. ಆಗ ಸರ್ಕಾರದ ಯಾವ ನಕಾಶೆಯಲ್ಲಿಯೂ ಕರ್ನಾಟಕವೆಂಬ ಪ್ರಾಂತವಿರಲಿಲ್ಲ. ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗುಗಳಲ್ಲಿ ಕನ್ನಡಿಗರು ಹರಿದು ಹಂಚಿಹೋಗಿದ್ದರು. ಧಾರವಾಡದಲ್ಲಿ ಕರ್ನಾಟಕ ಸಭೆ ಸ್ಥಾಪಿತವಾದದ್ದೂ ಅದೇ 1916ರಲ್ಲಿ. ಕಾಂಗ್ರೆಸ್ಸು ಕರ್ನಾಟಕಕ್ಕೆ ಪ್ರತ್ಯೇಕ ಪ್ರಾಂತದ ಸ್ಥಾನವನ್ನಿತ್ತದ್ದು ನಾಗಪುರದಲ್ಲಿ, 1920ರಲ್ಲಿ.

ಈ ಶ್ರೇಯಸ್ಸನ್ನೆಲ್ಲ ಬ್ಯಾಪ್ಟಿಸ್ಟಾರಿಗೇ ಒಪ್ಪಿಸುವುದು ಸತ್ಯಕ್ಕೆ ಅಪಚಾರವಾದೀತು. ಸಂಘದ ಪ್ರಾಣ ತಿಲಕರು. ಬೆಳಗಾವಿಯ ನೆಲವನ್ನು ಹದಮಾಡಿದ್ದವರು ಹುದಲಿಯ ಗಂಗಾಧರರಾವ್ ದೇಶಪಾಂಡೆಯವರು. ಆದರೂ ಬ್ಯಾಪ್ಟಿಸ್ಟಾ ಕೇವಲ ಹೆಸರಿಗೆ ಕೂರಿಸಿದ ಅಧ್ಯಕ್ಷರೆಂದು ತಳ್ಳಿಹಾಕುವವರು, ಅವರು ಎಲ್ಲಿಂದ ಬಂದವರೆಂಬುದನ್ನು ಮರೆಯುತ್ತಾರೆ. 1864ರಲ್ಲಿ ಮಝಗಾಂವದ ಮಾಥಾರ್‌ಪಕಾಡಿಯಲ್ಲಿ ಹುಟ್ಟಿದ ಅವರು ಈಸ್ಟ್ ಇಂಡಿಯನ್ ಕ್ಯಾಥೊಲಿಕರು. ಈ ಹೆಸರನ್ನು ಆ ಜನ 1887ರಲ್ಲಿ, ವಿಕ್ಟೋರಿಯಾ ರಾಣಿಯ ಆಳಿಕೆಯ ಸುವರ್ಣೋತ್ಸವದ ವರ್ಷ, ಗೋವೆಯಿಂದಲೂ ಮಂಗಳೂರಿನಿಂದಲೂ ಬಂದ ಕ್ರೈಸ್ತರಿಂದ ತಮ್ಮನ್ನು ಬೇರ್ಪಡಿಸಿ ತೋರಿಸುವುದಕ್ಕಾಗಿ ಸ್ವೀಕರಿಸಿದ್ದರು. ತಾವು ಇಂಗ್ಲಿಷರ ಹಳೆಯ ಪ್ರಜೆಗಳೆಂಬ ಭಾವವೇ ಹೆಸರಿನಲ್ಲಿ ನೆಲೆಸಿದ್ದ ಸಮಾಜದಿಂದ ಹೊರಟು, ಕೇಂಬ್ರಿಜ್‌ನಲ್ಲಿ ಓದಿ ಬ್ಯಾರಿಸ್ಟರಾಗಿ ಮರಳಿ, ರಾಜದ್ರೋಹಿಯೆಂದು ಸರ್ಕಾರ ಸೆರೆಯಲ್ಲಿಟ್ಟಿದ್ದ ತಿಲಕರ ಪಕ್ಕದಲ್ಲಿ ನಿಲ್ಲುವುದಕ್ಕೆ ಎಂಥ ಎದೆ ಬೇಕಾಗಿತ್ತು! ಜನ ಅವರನ್ನು ‘ಕಾಕಾ’ ಎಂದು ಕರೆದರು. ಬೆಳಗಾವಿ-ಧಾರವಾಡಗಳ ಮನೆಗಳಲ್ಲಿ ಚಿಕ್ಕಪ್ಪನನ್ನು ಕೂಗುವ ಮಾತೂ ಅದೇ.

ಬ್ಯಾಪ್ಟಿಸ್ಟಾರ ಸ್ವಂತ ಸಾಧನೆಯೆಂದು ನಾನು ಎಣಿಸುವುದು ಸ್ವರಾಜ್ಯದ ಮಾತನ್ನು ಕಾರ್ಮಿಕರ ಕೇರಿಗೆ ಕೊಂಡೊಯ್ದುದನ್ನು. ಸಂಘದ ಪ್ರತಿನಿಧಿಯಾಗಿ ಇಂಗ್ಲೆಂಡಿಗೆ ಹೋದಾಗ ಅವರು ಪಾರ್ಲಿಮೆಂಟಿನ ದೊಡ್ಡವರ ಬಾಗಿಲಲ್ಲಿ ಕಾಯುತ್ತ ಕುಳಿತುಕೊಳ್ಳದೆ, 1918ರ ಜನವರಿಯಲ್ಲಿ ನಾಟಿಂಗ್‌ಹ್ಯಾಮಿನಲ್ಲಿ ಸೇರಿದ್ದ ಲೇಬರ್ ಪಕ್ಷದ ಅಧಿವೇಶನಕ್ಕೆ ನಡೆದರು. 1920ರಲ್ಲಿ ಮುಂಬಯಿಯಲ್ಲಿ ಸೇರಿದ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ಸಿನ ಮೊದಲ ಅಧಿವೇಶನಕ್ಕೆ ಲಾಲಾ ಲಜಪತರಾಯರು ಅಧ್ಯಕ್ಷರಾಗಿದ್ದರೆ, ಮರುವರ್ಷ ಕಲ್ಲಿದ್ದಲಿನ ನಾಡಾದ ಝರಿಯಾದಲ್ಲಿ ಆ ಸ್ಥಾನದಲ್ಲಿ ಕುಳಿತವರು ಬ್ಯಾಪ್ಟಿಸ್ಟಾ. ಗಣಿಯ ಕೂಲಿಯವನ ಹೊಟ್ಟೆಗೂ ಸ್ವರಾಜ್ಯಕ್ಕೂ ಸಂಬಂಧವುಂಟೆಂಬುದನ್ನು ಆ ಕಾಲದ ವಕೀಲ ರಾಜಕಾರಣಿಗಳಲ್ಲಿ ಇಷ್ಟು ಬೇಗ ಕಂಡವರು ಹಲವರಿಲ್ಲ.

ಆದರೆ ಕಂಡದ್ದನ್ನು ಕಟ್ಟಿ ನಿಲ್ಲಿಸುವ ಶಕ್ತಿ ಅವರಲ್ಲಿ ಕೊರತೆಯಾಗಿತ್ತು. 1920ರ ಆರಂಭದ ವೇಳೆಗೆ ಹೊಸ ಪಕ್ಷವೊಂದನ್ನು ಯೋಚಿಸಿ, ಅದರ ಪತ್ರಿಕೆಯ ಸಂಪಾದಕತ್ವಕ್ಕೆ ಪಾಂಡಿಚೇರಿಯಲ್ಲಿದ್ದ ಅರವಿಂದರನ್ನು ಕರೆದರು, ಅರವಿಂದರು ಒಪ್ಪಲಿಲ್ಲ. ಆ ವರ್ಷ ಆಗಸ್ಟ್ 1ರಂದು ತಿಲಕರು ತೀರಿಕೊಂಡರು. ಗಾಂಧೀಜಿಯವರ ಅಸಹಕಾರ ಚಳವಳಿ ಆರಂಭವಾದುದೂ ಆ ದಿನವೇ. ವಾದದಿಂದ, ಮತದಿಂದ, ಶಾಸನಸಭೆಯೊಳಗೆ ಕುಳಿತು ಹೋರಾಡುವುದರಿಂದ ಹಕ್ಕನ್ನು ಗಳಿಸಬೇಕೆಂದು ನಂಬಿದ್ದ ಬ್ಯಾರಿಸ್ಟರರಿಗೆ, ಸಭೆಯನ್ನೇ ತೊರೆಯಿರೆಂಬ ಹೊಸ ಮಾರ್ಗ ಹಿಡಿಸಲಿಲ್ಲ. ರೆಡ್ಮಂಡರನ್ನು ಬಂದೂಕುಗಳು ಹಿಂದೆ ಹಾಕಿದುವು. ಇವರನ್ನು ನಿಶ್ಶಸ್ತ್ರ ಜನಸಮೂಹ ಹಿಂದೆ ಹಾಕಿತು. 1925ರಲ್ಲಿ ಅವರು ಮುಂಬಯಿ ಮುನಿಸಿಪಲ್ ಕಾರ್ಪೊರೇಷನ್ನಿನ ಅಧ್ಯಕ್ಷರಾದರು. ಅದು ಗೌರವದ ಪದವಿಯೇ ಸರಿ, ಆದರೆ ದೇಶದ ಮಾತು ಆ ವೇಳೆಗೆ ಬೇರೆ ಕಡೆ ನಡೆಯುತ್ತಿತ್ತು.

ಉಪ್ಪಿನ ಸತ್ಯಾಗ್ರಹದ ವರ್ಷವಾದ 1930ರಲ್ಲಿ ಅವರು ಕಾಲವಾದರು. ಅವರ ಸಮಾಧಿ ಶಿವಡಿಯ ಸ್ಮಶಾನದಲ್ಲಿದೆ. ಮಝಗಾಂವದ ಗುಡ್ಡವಿಳಿದು ಮನೆಗೆ ಮರಳುವಾಗ ಗಾಡಿ ಶಿವಡಿಯಲ್ಲಿ ಕ್ಷಣಕಾಲ ನಿಲ್ಲುತ್ತದೆ. ಬಂದರಿನ ಕೆಲಸ ಮುಗಿಸಿದ ಕೂಲಿಗಳು, ಊಟದ ಡಬ್ಬಿಗಳನ್ನು ಎದೆಗವಚಿಕೊಂಡು, ನಾನು ಕುಳಿತ ಡಬ್ಬಿಗೇ ನುಗ್ಗಿ ಹತ್ತುತ್ತಾರೆ.