ಗೆರ್ಟ್ ಮಾವ ಮಾತಿಗೆ ಕೂತಾಗ

ದಕ್ಷಿಣ ಆಫ್ರಿಕಾದ ಆಫ್ರಿಕಾನ್ಸ್ ಭಾಷೆಯ ಕಾವ್ಯಕ್ಕೆ ಹೊಸಬರಾದವರು ಮೊದಲು ಓದಬೇಕಾದದ್ದು ಯಾವುದು ಎಂದರೆ ನಾನು ‘ಊಮ್ ಗೆರ್ಟ್ ಫರ್ಟೆಲ್’ ಎನ್ನುತ್ತೇನೆ. ‘ಗೆರ್ಟ್ ಮಾವ ಹೇಳ್ತಾನೆ’ ಎಂದು ಅರ್ಥ. 1911ರಲ್ಲಿ ಬಂದ ಇದೇ ಹೆಸರಿನ ಸಂಕಲನದ ನೀಳ್ಗವನವಿದು. ಬರೆದ ಸಿ. ಲೂಯಿ ಲೈಪೊಲ್ಟ್ (1880–1947) ವೃತ್ತಿಯಲ್ಲಿ ವೈದ್ಯ; ಸಸ್ಯಶಾಸ್ತ್ರ, ಅಡುಗೆ ಎರಡರಲ್ಲೂ ಪಳಗಿದವನು.

ಓದುವ ಮುಂಚೆ ಇಷ್ಟು ತಿಳಿದಿರಲಿ. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕಾದಲ್ಲಿ ಡಚ್ ಮೂಲದ ಬೋಯರರಿಗೂ ಬ್ರಿಟಿಷರಿಗೂ ಯುದ್ಧ. ಕೇಪ್ ಸೀಮೆಯ ಆಫ್ರಿಕಾನರರು ಅದೇ ಮೂಲದವರಾದರೂ ಬ್ರಿಟಿಷ್ ಪ್ರಜೆಗಳು. ಬಂಧುಬಳಗ ಮಾತ್ರ ಗಡಿಯಾಚೆಯ ಬೋಯರರ ನಾಡಿಗೂ ಹಬ್ಬಿತ್ತು. ಅವರಲ್ಲಿ ಬೋಯರರ ಕಡೆ ಸೇರಿದವರು ರಾಜದ್ರೋಹಿಗಳಾದರು, ಕೆಲವರು ನೇಣಿಗೇರಿದರು. ಆ ವಿಚಾರಣೆಗಳನ್ನು ಪತ್ರಿಕೆಗೆ ವರದಿ ಮಾಡುತ್ತಿದ್ದವರಲ್ಲಿ ಇಪ್ಪತ್ತರ ಹುಡುಗ ಲೈಪೊಲ್ಟನೂ ಒಬ್ಬ. ಕವನದಲ್ಲಿ ನೇಣಿಗೇರುವವರು ಊರಿನ ಇಬ್ಬರು ಹುಡುಗರು, ಜಾನಿ ಮತ್ತು ಬೆನ್ನಿ.

ಈಗ ಓದುವ ಬಗೆ. ಒಬ್ಬನೇ ಮಾತಾಡುತ್ತ ಹೋಗುವ ಇಂಥ ಪದ್ಯವನ್ನು ನಾಟಕೀಯ ಸ್ವಗತ ಎನ್ನುವ ರೂಢಿಯಿದೆ. ಆ ಹೆಸರು ಕೊಂಚ ದಾರಿ ತಪ್ಪಿಸುತ್ತದೆ. ಮುದುಕ ಗೆರ್ಟನ ಎದುರು ಒಬ್ಬ ಕಿರಿಯ ಕೂತಿದ್ದಾನೆ, ಆ ಸಾವುಗಳ ಕಥೆ ಹೇಳು ಎಂದು ಕೇಳಿದ್ದಾನೆ. ಅವನ ದನಿ ನಮಗೆ ಕೇಳಿಸುವುದಿಲ್ಲ. ಹಾಗಾಗಿ ನೀವು ಅವನ ಕುರ್ಚಿಯಲ್ಲೇ ಕೂರಬೇಕು.

ಸಂಬಂಧವಾಚಕಗಳನ್ನು ಗಮನಿಸಿ. ‘ಊಮ್’ ಎಂದರೆ ಮಾವ, ಚಿಕ್ಕಪ್ಪ. ರಕ್ತಸಂಬಂಧ ಇಲ್ಲದಿದ್ದರೂ ಹಿರಿಯನಿಗೆ ಸಲ್ಲುವ ಕರೆ. ಮುದುಕ ತಿರುಗಿ ‘ನೀಫ್’ ಎನ್ನುತ್ತಾನೆ, ನಮ್ಮ ‘ಅಳಿಯಾ’ ಇದ್ದಂತೆ. ಆ ಕರೆ ಬಂದಲ್ಲೆಲ್ಲ ಒಂದು ಗಳಿಗೆ ತಡೆಯಿರಿ: ಈಗ ಏನು ಹೇಳಲಾರದೆ ಅವನು ಕೇಳುಗನ ಕಡೆ ತಿರುಗಿದ?

ಗಟ್ಟಿಯಾಗಿ ಓದಿ. ಸಾಲಿಗೆ ಐದು ಗಣ, ಅಂತ್ಯಪ್ರಾಸ ಇಲ್ಲ. ಛಂದಸ್ಸು ಬಿಗಿಯಾಗಿದ್ದರೂ ಕಿವಿಗೆ ಬೀಳುವುದು ಜಗಲಿಯ ಮಾತು. ಲೈಪೊಲ್ಟನ ಎದೆಗಾರಿಕೆ ಇರುವುದು ಇಲ್ಲೇ. ಆಗ ಓದುಬರಹಕ್ಕೆ, ಚರ್ಚಿಗೆ ಡಚ್ ಭಾಷೆ. ಆಫ್ರಿಕಾನ್ಸ್ ಬರೀ ‘ಅಡುಗೆಮನೆ ಭಾಷೆ’ ಎಂಬ ತಾತ್ಸಾರ. ಅದಕ್ಕೆ ಅಧಿಕೃತ ಮನ್ನಣೆ ಸಿಕ್ಕಿದ್ದು 1925ರಲ್ಲಿ. ಚರ್ಚಿನ ಡಚ್ಚಿನಲ್ಲಿ ಗೆರ್ಟ್ ಬಾಯಿಬಿಟ್ಟಿದ್ದರೆ ಉಪದೇಶವಾಗುತ್ತಿತ್ತು. ಮನೆಮಾತಿನಲ್ಲಾದ್ದರಿಂದ ಗಂಟಲು ಕಟ್ಟುವುದೂ ಕೇಳಿಸುತ್ತದೆ.

ಗೆರ್ಟನಲ್ಲಿ ವೀರನನ್ನು ಹುಡುಕಬೇಡಿ. ಅವನು ಬದುಕಿ ಉಳಿದವನು, ಅಷ್ಟೇ. ಕವಿ ತಾನು ಅಳದೆ, ಕಥೆಯನ್ನು ಇವನ ಕೈಗೆ ಕೊಟ್ಟಿದ್ದಾನೆ.

ಮುಗಿದ ಮೇಲೆ ಮೊದಲ ಸಾಲುಗಳಿಗೆ ಹಿಂತಿರುಗಿ. ‘ಮುದುಕ, ನಾನೇನು ಹೇಳಲಿ’ ಎಂದು ಗೆರ್ಟ್ ಅಲ್ಲಿ ಹಿಂಜರಿಯುತ್ತಾನೆ. ಮೊದಲ ಓದಿಗೆ ಅದು ಬರೀ ಉಪಚಾರದ ಮಾತು ಅನ್ನಿಸಿರುತ್ತದೆ. ಈ ಸಲ, ಕೇಳಬಾರದ್ದನ್ನು ಕೇಳಿದವರು ನೀವೇ ಎಂದು ಕುರ್ಚಿಯಲ್ಲಿ ಮಿಸುಕಾಡುತ್ತೀರಿ.